ಹ್ಯಾರಿ ಲೋಬೊ ಬದುಕಿರುವವರೆಗೆ

ಹ್ಯಾರಿ ಲೋಬೊ ನನ್ನ ಗಂಡ. ಮಲೇಷ್ಯಾದಲ್ಲಿ ಬ್ಲೂಸ್ ಗಿಟಾರಿನ ಮಾತು ಬಂದರೆ ಮೊದಲು ಬರುವುದು ಅವನ ಹೆಸರು. ಪತ್ರಿಕೆಯವರು ಅವನನ್ನು ದಂತಕಥೆ ಎಂದು ಬರೆಯುತ್ತಾರೆ. ಸುಬಾಂಗ್ ಜಯಾದಲ್ಲಿರುವ ನಮ್ಮ ಮಂಗಳೂರು ಕಡೆಯ ಕ್ರೈಸ್ತರೆಲ್ಲ ಅವನು ನಮ್ಮವನು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಇಟ್ಟ ಹೆಸರು ಹೆರಾಲ್ಡ್. ಮಗಳು ಇನ್ನೂ ನರ್ಸರಿಗೆ ಹೋಗುತ್ತಿದ್ದಾಗ ಗಿಟಾರನ್ನು ಹೆಗಲಿಗೇರಿಸಿ ಪೆನಾಂಗಿಗೆ ಹೋದವನು ಮತ್ತೆ ಮನೆಯ ಕಡೆ ತಲೆ ಹಾಕಲಿಲ್ಲ. ಆದರೂ ನಾನು ಡೈವೋರ್ಸ್ ಕೊಡಲಿಲ್ಲ. ಜನ ಅದನ್ನು ನನ್ನ ದೈವಭಕ್ತಿ ಎಂದುಕೊಂಡಿದ್ದಾರೆ. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಅವನಿಂದ ನನಗೆ ಆಗಬೇಕಾಗಿದ್ದದ್ದು ಒಂದೇ ಕೆಲಸ. ಅವನು ಎಲ್ಲಾದರೂ ಇರಲಿ, ಯಾರ ಜೊತೆಗಾದರೂ ಇರಲಿ, ಉಸಿರಾಡಿಕೊಂಡು ಇರಬೇಕು.

ಯಾಕೆಂದು ಹೇಳುತ್ತೇನೆ. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರ ಇದೆ. ಮದುಮಗಳನ್ನು ಕೂರಿಸಿ, ತಲೆಗೆ ಎಣ್ಣೆ ಇಟ್ಟು, ನೀರು ಬೆರೆಸದ ತೆಂಗಿನ ಹಾಲು ಎರೆಯುತ್ತೇವೆ. ಮೊದಲು ತಾಯಿ, ಆಮೇಲೆ ತಂದೆ, ಆಮೇಲೆ ಉಳಿದವರು. ಎರೆಯುವಾಗ ಹೆಂಗಸರು ವೊವಿಯೊ ಎಂಬ ಕೊಂಕಣಿ ಮದುವೆಹಾಡು ಹಾಡುತ್ತಾರೆ. ಹಾಡನ್ನು ಎತ್ತಿಕೊಡುವವಳಿಗೆ ಯಜಮಾನಿ ಎನ್ನುತ್ತೇವೆ. ಅವಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಈ ಯಜಮಾನಿಗೆ ಕಂಠ ಇದ್ದರೆ ಸಾಲದು, ಗಂಡ ಇರಬೇಕು. ಜೀವಂತ ಗಂಡ. ಅವನು ಒಳ್ಳೆಯವನಾಗಿರಬೇಕೆಂದು ಯಾರೂ ಹೇಳಿಲ್ಲ, ಜೊತೆಗಿರಬೇಕೆಂದೂ ಹೇಳಿಲ್ಲ. ಸತ್ತಿರಬಾರದು, ಅಷ್ಟೇ. ಗಂಡ ಸತ್ತವಳು ಹಾಡು ಎತ್ತಿದರೆ ಮದುಮಗಳಿಗೆ ಕೇಡು ಎಂದು ನಂಬಿಕೆ.

ಇಲ್ಲಿ ನನಗಿಂತ ಮೊದಲು ಯಜಮಾನಿಯಾಗಿದ್ದವರು ಸೆವ್ರಿನ್ ಬಾಯಿ. ಗಂಡ ತೀರಿಹೋದ ದಿನವೇ ಹಾಡು ಬಿಟ್ಟರು. ಸ್ವಂತ ಮೊಮ್ಮಗಳ ರೋಸಿನಲ್ಲೂ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಈರುಳ್ಳಿ ಸುಲಿದರೇ ಹೊರತು ಬಾಯಿ ಬಿಡಲಿಲ್ಲ. ಅಂದಿನಿಂದ ಹಾಡು ನನಗೆ ಬಂತು, ಅವರ ಕಾವಲೂ ಜೊತೆಗೆ ಬಂತು. ಪ್ರತಿ ರೋಸಿನ ಮುಂಚೆ ನನ್ನ ಮೊಣಕೈ ಹಿಡಿದು ಕೇಳುತ್ತಿದ್ದರು: "ಹೆರಾಲ್ಡ್ ಹುಷಾರಿದ್ದಾನಲ್ಲ?" ಅವನ ಆರೋಗ್ಯದ ಮೇಲಿನ ಕಾಳಜಿಯಲ್ಲ ಅದು. ಗಾಡಿ ಹೊರಡುವ ಮುಂಚೆ ಪೆಟ್ರೋಲು ನೋಡುವ ಹಾಗೆ ನೋಡುತ್ತಿದ್ದರು.

ನಾನು ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ಬದುಕಿದವಳು. ಹೆಸರಿಲ್ಲ, ಫೋಟೋ ಇಲ್ಲ. ಆದರೆ ಈ ಊರಿನ ಕೊಂಕಣಿ ಹುಡುಗಿಯರಲ್ಲಿ ನನ್ನ ಹಾಡಿಗೆ ತಲೆಕೊಡದೆ ಮದುವೆಯಾದವರು ಕಡಿಮೆ. ಒಂದೊಂದು ರೋಸಿನಲ್ಲೂ ಹಾಡುತ್ತ ಒಂದೇ ಯೋಚನೆ ಮಾಡುತ್ತಿದ್ದೆ. ಒಂದು ದಿನ ನನ್ನ ಜೋಸ್ಲಿನ್ ಅಲ್ಲಿ ಕೂರುತ್ತಾಳೆ, ಅವಳಿಗೆ ನಾನೇ ಹಾಡಬೇಕು, ಬೇರೆ ಯಾರೂ ಹಾಡಬಾರದು. ಮಗಳ ಹುಟ್ಟುಹಬ್ಬಕ್ಕೆ ಒಂದು ಫೋನ್ ಕೂಡ ಮಾಡದ ಗಂಡಸಿನ ಆಯುಸ್ಸಿಗಾಗಿ ಪ್ರತಿ ಭಾನುವಾರ ಪೂಜೆಯಲ್ಲಿ ಬೇಡಿಕೊಂಡಿದ್ದೇನೆ. ಮದ್ಯ ಕುಡಿದರೂ ಲಿವರು ಗಟ್ಟಿ ಇರಲಿ ದೇವರೇ ಎಂದು.

ಇನ್ನು ಅವನ ಸಾಧನೆಯ ವಿಷಯ. ಅದು ಎಲ್ಲ ಕಡೆ ಅಚ್ಚಾಗಿದೆ, ನನ್ನ ಬಾಯಲ್ಲೂ ಒಮ್ಮೆ ಕೇಳಿ. ಮಂಗಳೂರಿನ ಬಿಜೈಯಲ್ಲಿ ಹುಟ್ಟಿದ. ಇಗರ್ಜಿಯ ಕಾಯರ್‌ನಲ್ಲಿ ವಯೊಲಿನ್ ಬಾರಿಸುತ್ತಿದ್ದ ಅಪ್ಪನಿಂದ ಸಂಗೀತ ಕಲಿತ. ಹೋಟೆಲೊಂದರ ಲೌಂಜ್ ಬ್ಯಾಂಡಿಗೆ ಸೇರಿ ಕೌಲಾಲಂಪುರಕ್ಕೆ ಬಂದ. ಬಂದವನು ಊಟ ಮಾಡುವ ಚೀನೀ ವ್ಯಾಪಾರಿಗಳಿಗೆ ಹಳೆಯ ಸಿನಿಮಾ ಹಾಡು ಬಾರಿಸುತ್ತಿದ್ದ. ಇಷ್ಟು ನಿಜ. ಇಲ್ಲಿಂದ ಮುಂದೆ ಅವನು ಸಂದರ್ಶನಗಳಲ್ಲಿ ಹೇಳುವುದೆಲ್ಲ ಬೊಗಳೆ.

ಹಡಗಿನಲ್ಲಿ ಕೆಲಸ ಮಾಡುವಾಗ ಒಬ್ಬ ಮುದುಕ ಅಮೆರಿಕನ್ ಕರಿಯ ಕಲಾವಿದ ಬಾಟಲಿಯ ಕುತ್ತಿಗೆಯೊಂದನ್ನು ಅವನ ಕೈಗಿಟ್ಟು, ಇನ್ನು ಈ ದುಃಖ ನಿನ್ನದು ಎಂದನಂತೆ. ಆ ಗಾಜಿನ ತುಂಡನ್ನು ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿದರೆ ಜನ ಕಣ್ಣೊರೆಸಿಕೊಳ್ಳುತ್ತಾರೆ. ಆ ಗಾಜು ಯಾವುದೆಂದು ನನಗೆ ಗೊತ್ತು. ಜೋಸ್ಲಿನ್‌ಳ ಗ್ರೈಪ್ ವಾಟರ್ ಬಾಟಲಿ. ಅದರ ಕುತ್ತಿಗೆಯನ್ನು ನಮ್ಮ ಅಡುಗೆಮನೆಯಲ್ಲಿ ಕತ್ತರಿಸಿ, ತುದಿಯನ್ನು ನನ್ನ ಮಸಾಲೆ ಅರೆಯುವ ಕಲ್ಲಿನ ಮೇಲೆ ಉಜ್ಜಿ ನುಣುಪು ಮಾಡಿದ. ಎಷ್ಟು ತೊಳೆದರೂ ಎರಡು ದಿನ ಸಾರಿನಲ್ಲಿ ಗಾಜಿನ ಪುಡಿ ಇರಬಹುದೆಂದು ಹೆದರಿದ್ದೇನೆ.

ಅವನಿಗೆ ಹೆಸರು ತಂದ ರಾಗ ಕೂಡ ನಮ್ಮ ಮನೆಯದೇ. ಮಗುವನ್ನು ಮಲಗಿಸುವಾಗ ನನ್ನ ಅಮ್ಮನ ವೊವಿಯೊವನ್ನು ನಾನು ಗುನುಗುತ್ತಿದ್ದೆ. ಅವನು ಆಚೆ ಕೋಣೆಯಲ್ಲಿ ಕುಳಿತು ಅದನ್ನು ಗಿಟಾರಿನ ಮೇಲೆ ಹುಡುಕುತ್ತಿದ್ದ. "ಇನ್ನೊಮ್ಮೆ ಹೇಳು ಫ್ಲೋರಾ, ನಿಧಾನ ಹೇಳು" ಎಂದಾಗ ಪ್ರೀತಿಯಿಂದ ಕೇಳುತ್ತಿದ್ದಾನೆಂದು ನಾನು ಉಬ್ಬಿಹೋಗಿದ್ದೆ. ಆಮೇಲೆ ಅದೇ ರಾಗ ಸಿಂಗಾಪುರ, ಜಕಾರ್ತಾ, ಎಲ್ಲೆಲ್ಲೋ ಸುತ್ತಿತು. ಪೆನಾಂಗಿನ ಸಮುದ್ರದ ದಂಡೆಯಲ್ಲಿ ಒಬ್ಬನೇ ಕುಳಿತಿದ್ದಾಗ ನೋವಿನಿಂದ ಹುಟ್ಟಿತು ಎಂದ. ಬ್ಲೂಸ್ ಎಂದರೆ ಬಿಟ್ಟುಹೋದವರ ನೋವು ಎಂದೂ ಅಪ್ಪಣೆ ಕೊಡಿಸಿದ. ಬಿಟ್ಟುಹೋದವನು ಅವನು. ನೋವು ನನ್ನದು. ಅವನದು ಬರೀ ಗಿಟಾರು.

ಈ ವರ್ಷ ಜೋಸ್ಲಿನ್‌ಗೆ ಮದುವೆ ನಿಶ್ಚಯವಾಯಿತು. ಹುಡುಗ ಡೆನ್ಜಿಲ್, ಉಡುಪಿ ಕಡೆಯವನು, ನಿಲಾಯ್‌ನ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಗಿಟಾರ್ ಮುಟ್ಟುವುದಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಆದರೆ ಮಗಳು ಒಂದು ದಿನ ಮಾಂಟ್ ಕಿಯಾರಾದ ಆಫೀಸಿನಿಂದ ಬಂದವಳೇ, ಟಪಾವು, ಅಂದರೆ ಅಂಗಡಿಯಿಂದ ಕಟ್ಟಿಸಿ, ತಂದ ನೂಡಲ್ಸಿನ ಚೀಲವನ್ನು ಮೇಜಿನ ಮೇಲಿಟ್ಟು ಹೇಳಿದಳು.

"ಮಮ್ಮಿ, ಡ್ಯಾಡಿಯನ್ನ ರೋಸ್‌ಗೆ ಕರೀತೇನೆ. ಡೋಂಟ್ ಶೌಟ್."

"ಯಾಕೆ? ಅಲ್ಲಿ ಟಿಕೆಟ್ ಇಲ್ಲ, ಕ್ಯಾಮೆರಾ ಇಲ್ಲ. ಅವ ಬಂದು ಎಂತ ಮಾಡುದು?"

"ಹಾಲು ಎರೆಯುದು. ಫಾದರ್ ಎರೀಬೇಕಲ್ಲ? ಐ ಆಲ್ಸೋ ವಾಂಟ್ ಲಾ, ಮಮ್ಮಿ. ಎಲ್ಲರ ರೋಸಿನಲ್ಲೂ ನೋಡಿದ್ದೇನೆ. ನನಗೂ ಒಂದು ಸಲ ಬೇಕು."

ಚಿಕ್ಕವಳಿದ್ದಾಗ ಅವಳನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ, ಎಲ್ಲ ರೋಸಿಗೂ ನನ್ನ ಹಿಂದೆಯೇ ಕೂರಿಸಿಕೊಳ್ಳುತ್ತಿದ್ದೆ. ತಂದೆಯ ಸರದಿ ಬಂದಾಗ ನನ್ನ ಸೀರೆಯ ಸೆರಗು ಹಿಡಿದುಕೊಳ್ಳುತ್ತಿದ್ದಳು. ಅದು ನೆನಪಾಗಿ ನಾನು ಹೆಚ್ಚು ಕೂಗಾಡಲಿಲ್ಲ. ಫೋನ್ ಮಾತ್ರ ನಾನೇ ಮಾಡುತ್ತೇನೆ ಎಂದೆ, ಷರತ್ತು ಹಾಕುವುದಿತ್ತು.

"ಬಾ, ಹಾಲು ಎರೆ, ಊಟ ಮಾಡು, ಹೋಗು. ಗಿಟಾರ್ ತರ್ಬೇಡ," ಎಂದೆ ಫೋನಿನಲ್ಲಿ.

"ಎಷ್ಟು ವರ್ಷದ ನಂತರ ಮಾತಾಡುದು ಫ್ಲೋರಾ, ಹೇಗಿದ್ದೀಯಾ ಅಂತ ಕೂಡ ಕೇಳುದಿಲ್ವಾ?" ಎಂದ. ಸ್ವರ ಕೆರೆದುಹೋಗಿತ್ತು. "ನಿನ್ನ ಅಮ್ಮನ ಹಾಡು ಹಾಡ್ತೀಯಾ?"

"ಈಗ ಅದು ನಿನ್ನ ಹಾಡಲ್ವಾ? ಸಮುದ್ರದ ದಂಡೆಯಲ್ಲಿ ಸಿಕ್ಕಿದ್ದು?"

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ. "ನಾ ಸತ್ರೆ ನಿನಗೆ ಖುಷಿ ಆಗ್ಬಹುದು, ಅಲ್ವಾ?"

"ಶುಕ್ರವಾರ ರೋಸ್ ಮುಗಿಯುವವರೆಗೆ ಸಾಯ್ಬೇಡ. ಆಮೇಲೆ ನಿನ್ನ ಇಷ್ಟ."

ನಾನು ಹೇಳಿದ್ದು ತಮಾಷೆಗಲ್ಲ. ಅವನಿಗೂ ಅದು ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನದಿಂದಲೇ ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ಗದ್ದಲ. ಹುಡುಗರು ಪೊಟ್ಟಣದ ಸಾಂತಾನ್ ತಂದು ಇಟ್ಟಿದ್ದರು. ಇಲ್ಲಿನವರು ತೆಂಗಿನ ಹಾಲಿಗೆ ಹಾಗೆನ್ನುತ್ತಾರೆ. ಸೆವ್ರಿನ್ ಬಾಯಿ ಅದನ್ನು ನೋಡಿ ಉರಿದುಬಿದ್ದರು. "ಮದುಮಗಳಿಗೆ ಎರೆಯುದಾ, ಸಾರು ಮಾಡುದಾ?" ಎಂದು ಬೈದು, ತಮಿಳರ ಅಂಗಡಿಯಲ್ಲಿ ಕಾಯಿ ತುರಿಸಿ ತರಿಸಿದರು. ನಾವು ಬಟ್ಟೆಯಲ್ಲಿ ಹಿಂಡಿ ಹಿಂಡಿ ಹಿತ್ತಾಳೆಯ ಪಾತ್ರೆ ತುಂಬಿಸಿದೆವು. ನನ್ನ ಕೈ ಸೋತಿತ್ತು, ಮನಸ್ಸು ಸೋತಿರಲಿಲ್ಲ. ಇಷ್ಟು ಸಂತೋಷದಲ್ಲಿ ನಾನು ಎಂದೂ ಕಾಯಿ ಹಿಂಡಿದವಳಲ್ಲ.

ವೇದಿಕೆಯ ಪಕ್ಕ ಹುಡುಗರು ಒಂದು ದೊಡ್ಡ ಕುರ್ಚಿ ಇಟ್ಟು ಹೂಮಾಲೆ ಸಿದ್ಧಮಾಡಿದ್ದರು, ಹ್ಯಾರಿ ಲೋಬೊ ಕೂರಲು. ಮದುಮಗಳ ಕುರ್ಚಿಗಿಂತ ಅದೇ ದೊಡ್ಡದಿತ್ತು. ಸ್ಪೀಕರಿನಲ್ಲಿ ಅವನದೇ ಗಿಟಾರು. ನಾನು ಕಂಠ ಸರಿಮಾಡಿಕೊಳ್ಳಲು ಎರಡು ಸಾಲು ಗುನುಗಿದೆ. ಒಬ್ಬ ಹುಡುಗ ಮೊಬೈಲಿನಿಂದ ತಲೆಯೆತ್ತಿ, "ವಾ ಆಂಟಿ, ಹ್ಯಾರಿ ಅಂಕಲ್‌ನ ಟ್ಯೂನ್ ನಿಮಗೂ ಬರ್ತದಾ?" ಎಂದ. ಕೈಯಲ್ಲಿ ಕಾಯಿಯ ಬಟ್ಟೆ ಇತ್ತು, ಅವನ ಮುಖಕ್ಕೆ ಎಸೆಯಬೇಕೆನಿಸಿತು. ಸ್ಪೀಕರ್ ಬಂದ್ ಮಾಡಿಸಿದೆ.

ಸಂಜೆಯಾಗುತ್ತಿದ್ದಾಗ ಅಡುಗೆಮನೆಯ ಹಿಂಬಾಗಿಲಲ್ಲಿ ಅನಿಲ ಬಂದು ನಿಂತ. ಹುಬ್ಬಳ್ಳಿಯವನು, ಮೊದಲಿನಿಂದಲೂ ಹೆರಾಲ್ಡನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. ಹೆರಾಲ್ಡ್ ಹಿಂದಿನ ದಿನ ಬಂದು ಅವನ ಮನೆಯಲ್ಲೇ ಉಳಿದಿದ್ದ. ಅವನನ್ನು ಅಣ್ಣ ಎನ್ನುವ ಲೆಕ್ಕದಲ್ಲಿ ಅನಿಲನಿಗೆ ನಾನು ಇಂದಿಗೂ ವೈನಿ, ಅತ್ತಿಗೆ. ಅವನ ಕೈಯಲ್ಲಿ ಗಿಟಾರಿನ ಪೆಟ್ಟಿಗೆ ಇತ್ತು.

"ಗಿಟಾರ್ ತರ್ಬೇಡ ಅಂದಿದ್ದೆ. ಎಲ್ಲಿ ಅವ? ಕಾರಿನಲ್ಲಿ ಕೂತು ಯಾರಾದ್ರೂ ಹಾರ ಹಾಕ್ಲಿ ಅಂತ ಕಾಯ್ತಾ ಇದ್ದಾನಾ?"

ಅನಿಲ ಪೆಟ್ಟಿಗೆಯನ್ನು ನೆಲಕ್ಕಿಡಲೂ ಇಲ್ಲ, ಒಳಗೆ ಬರಲೂ ಇಲ್ಲ.

"ವೈನಿ, ಹಾಡು ಮುಗೀಲಿ. ಆಮ್ಯಾಲೆ ಮಾತಾಡೋಣ್ರಿ."

"ಎಂತ ಆಮೇಲೆ? ಕುಡಿದು ಬಿದ್ದಿದ್ದಾನಾ? ಬರುದಿಲ್ಲಂತಾ? ಬಾಯಿ ಬಿಡು ಅನಿಲ."

ಅವನು ಅಳತೊಡಗಿದ. ಅಷ್ಟರಲ್ಲೇ ನನಗೆ ತಿಳಿಯಿತು, ಆದರೂ ಅವನ ಬಾಯಿಂದ ಹೇಳಿಸಿದೆ.

"ಅಣ್ಣ ಹ್ವಾದ್ರಿ ವೈನಿ. ಊಟಾ ಮಾಡಿ, ಅಂಗಿ ಇಸ್ತ್ರಿ ಮಾಡಸ್ಕೊಂಡು, ಸ್ನಾನಕ್ಕ ಹೋದವ್ರು ಹೊರಗ ಬರಲಿಲ್ಲ. ದವಾಖಾನಿಗೆ ಒಯ್ದಿವಿ. ಎದಿ ನಿಂತಿತ್ತಂತ. ನನ್ನ ಹೆಂಡ್ತಿ ಅಲ್ಲೇ ಅದಾಳ."

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನ ಮೇಲೆ ಸಿಟ್ಟು ಉಕ್ಕಿತು. ಇಷ್ಟು ವರ್ಷ ಬದುಕಿದವನಿಗೆ ಇನ್ನೊಂದು ಸಂಜೆ ಬದುಕಲು ಆಗಲಿಲ್ಲವೇ? ಒಂದೇ ಒಂದು ಕೆಲಸ ಹೇಳಿದ್ದೆ. ಗಿಟಾರ್ ತರಬೇಡ ಎಂದರೆ ಗಿಟಾರ್ ಬಂತು, ಸಾಯಬೇಡ ಎಂದರೆ ಸತ್ತ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಕಣ್ಣು ತುಂಬಿತು. ಯಾರಿಗಾಗಿ ಎಂದು ನನ್ನನ್ನು ಕೇಳಬೇಡಿ.

ಹೇಳಿದರೆ ಏನಾಗುತ್ತದೆಂದು ನೋಡಿದೆ. ಸೆವ್ರಿನ್ ಬಾಯಿ ನನ್ನನ್ನು ಅದೇ ಸ್ಟೂಲಿನ ಮೇಲೆ ಕೂರಿಸುತ್ತಾರೆ. ಜೋಸ್ಲಿನ್ ಕುಳಿತ ಜಾಗಕ್ಕೆ ನಾನು ಹೋಗುವಂತಿಲ್ಲ. ಪೊಟ್ಟಣದ ಸಾಂತಾನ್ ತಂದ ಮಕ್ಕಳು ಮೊಬೈಲಿನಲ್ಲಿ ಯಾರದೋ ವೊವಿಯೊ ಹಾಕಿ ಮುಗಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಮಗಳಿಗೂ ಹಾಡಿದವಳು ತನ್ನ ಮಗಳಿಗೆ ಹಾಡದೆ ಉಳಿಯುತ್ತಾಳೆ. ಅದೂ ಇವನಿಂದ. ನನ್ನ ಅಮ್ಮನ ಹಾಡನ್ನು ಒಮ್ಮೆ ಕಸಿದುಕೊಂಡದ್ದು ಸಾಲದೆ ಎರಡನೇ ಸಲವೂ.

"ಜೋಸ್ಲಿನ್‌ಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ. ಕೊನೆಯ ತಂಬಿಗೆ ಎರೆದಾದ ಮೇಲೆ ನಾನೇ ಹೇಳ್ತೇನೆ," ಎಂದೆ.

ಅನಿಲ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ, "ಆತ್ರಿ," ಎಂದಷ್ಟೇ ಹೇಳಿದ.

ಮುಖ ತೊಳೆದು ಸಭಾಂಗಣಕ್ಕೆ ಬಂದೆ. ಸೆವ್ರಿನ್ ಬಾಯಿ ಕಾದೇ ಇದ್ದರು. ಮೊಣಕೈ ಹಿಡಿದರು.

"ಅವ ಇನ್ನೂ ಕಾಣ್ಲಿಲ್ಲ. ಹುಷಾರಿದ್ದಾನಲ್ಲ ಹೆರಾಲ್ಡ್?"

"ದಾರಿಯಲ್ಲಿದ್ದಾನೆ ಬಾಯಿ. ಅವ ಯಾವಾಗ ಹೊತ್ತಿಗೆ ಸರಿ ಬಂದದ್ದು ಉಂಟು? ನಾವು ಶುರು ಮಾಡುವ."

ಶಿಲುಬೆಯ ಗುರುತು ಮಾಡಿದೆ. ಸುಳ್ಳು ಹೇಳಿದ ಬಾಯಲ್ಲೇ ಹಾಡು ಎತ್ತಿದೆ. ಜೋಸ್ಲಿನ್ ಹಳೆಯ ಹೂವಿನ ಸೀರೆಯುಟ್ಟು, ಕೂದಲು ಬಿಚ್ಚಿ, ತಲೆ ತಗ್ಗಿಸಿ ಕುಳಿತಿದ್ದಳು. ಗುಮಟೆ ಬಾರಿಸುವವರು ತಾಳ ಹಿಡಿದರು. ನಾನು ಒಂದು ಸಾಲು, ಹೆಂಗಸರು ಅದೇ ಸಾಲು. ಅಮ್ಮನ ರಾಗ ಸಭಾಂಗಣದ ತುಂಬ ನಿಂತಿತು, ಸ್ಪೀಕರಿನ ಹಂಗಿಲ್ಲದೆ. ಅದು ನನ್ನದು ಎಂದು ಆ ಹುಡುಗನ ಕಡೆ ನೋಡಿ ಹಾಡಿದೆ. ತಾಯಿಯ ಸಾಲು ಹಾಡುತ್ತ ತಲೆಗೆ ಎಣ್ಣೆಯಿಟ್ಟು, ತಂಬಿಗೆಯಿಂದ ಹಾಲು ಎರೆದೆ. ಬೆಳ್ಳಗಿನ ಹಾಲು ಕೂದಲಿನಿಂದ ಇಳಿದು ಅವಳ ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಹೆಂಗಸರು ನಕ್ಕರು. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು.

ಮುಂದಿನದು ತಂದೆಯ ಸಾಲು.

ತಂದೆಯ ಸರದಿಗೆ ನನ್ನ ಅಮ್ಮ ನನಗೆ ಮೂರು ಬಗೆಯ ಸಾಲು ಕಲಿಸಿದ್ದರು. ಎದುರಿಗಿರುವ ತಂದೆಗೆ, ಹೊರಗೆ ನಿಂತ ಅಪ್ಪ ಒಳಗೆ ಬರಲಿ, ಕೈಯಾರೆ ಹಾಲು ಎರೆಯಲಿ ಎಂದು. ಗಲ್ಫಿನಲ್ಲೋ ಹಡಗಿನಲ್ಲೋ ಇರುವ ತಂದೆಗೆ, ಸಮುದ್ರದಾಚೆಯ ಅಪ್ಪನ ಆಶೀರ್ವಾದ ಗಾಳಿಯಲ್ಲಿ ಬರಲಿ ಎಂದು. ತೀರಿಹೋದ ತಂದೆಗೆ, ಅಪ್ಪನ ಕೈ ಮಣ್ಣಿಗೆ ಹೋಯಿತು, ಅಮ್ಮನ ಕೈಯಲ್ಲೇ ಅವನ ಕೈ ಇದೆ ಎಂದು. ತಂದೆಯಿಲ್ಲದ ಹುಡುಗಿಯರಿಗೆ ನಾನು ಅದನ್ನು ಹಾಡಿದಾಗ ಅವರ ವಿಧವೆ ತಾಯಂದಿರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎರೆಯುತ್ತಿದ್ದರು. ಆ ಸಾಲನ್ನು ಹಾಡುವವಳೂ ಅದಕ್ಕೆ ಎರೆಯುವವಳೂ ಒಬ್ಬಳೇ ಆದದ್ದು ಎಲ್ಲೂ ಇಲ್ಲ.

ಎರಡನೆಯದನ್ನು ಹಾಡುವುದೆಂದು ನಿರ್ಧರಿಸಿಕೊಂಡಿದ್ದೆ. ಸಮುದ್ರದಾಚೆಯ ಅಪ್ಪ. ಯಾರಿಗೂ ಅನುಮಾನ ಬರುವುದಿಲ್ಲ, ಅವನ ಮಟ್ಟಿಗೆ ಯಾವತ್ತೂ ಸರಿಹೊಂದುವ ಸಾಲು ಅದು. ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಸೆವ್ರಿನ್ ಬಾಯಿಗೆ ಸುಳ್ಳು ಹೇಳಿದ್ದೆ, ದೇವರಿಗೂ ಹೇಳಿದ್ದೆ. ಆದರೆ ಹಾಲಿನಲ್ಲಿ ನೆನೆದು ತಂದೆಯ ಕೈಗಾಗಿ ತಲೆಬಾಗಿಸಿ ಕೂತ ಈ ಹುಡುಗಿಗೆ, ನಿನ್ನ ಅಪ್ಪ ದೂರದಲ್ಲಿದ್ದಾನೆ, ಅವನ ಆಶೀರ್ವಾದ ಬರುತ್ತಿದೆ ಎಂದು ಹಾಡಬೇಕಿತ್ತು. ಅವನು ಬಿಟ್ಟುಹೋದಾಗಿನಿಂದ ಅವಳ ಪಾಲಿಗೆ ಉಳಿದದ್ದು ಅದೇ ಸುಳ್ಳು. ಗುಮಟೆಯ ಪೆಟ್ಟು ಸುಮ್ಮನೆ ಸುತ್ತುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಜೋಸ್ಲಿನ್ ತಲೆಯೆತ್ತಿದಳು. ಕಣ್ಣ ಮೇಲಿನ ಹಾಲನ್ನು ಬೆರಳಿನಿಂದ ಒರೆಸಿಕೊಂಡಳು.

"ಮಮ್ಮಿ, ಐ ನೋ."

ನಾನು ತಂಬಿಗೆಯನ್ನು ಕೆಳಗಿಟ್ಟೆ.

"ಅನಿಲ್ ಅಂಕಲ್ ನನಗೆ ಫಸ್ಟ್ ಫೋನ್ ಮಾಡಿದ್ದು. ನಾನೇ ಹೇಳಿದೆ, ಮಮ್ಮಿಗೆ ಹೇಳ್ಬೇಡಿ, ಗೊತ್ತಾದ್ರೆ ಅವಳಿಗೆ ಹಾಡ್ಲಿಕ್ಕೆ ಬಿಡುದಿಲ್ಲ ಅಂತ." ನನ್ನ ಸೆರಗಿನ ತುದಿ ಹಿಡಿದಳು. "ಯು ವೇಟೆಡ್ ಸೋ ಲಾಂಗ್. ಹಾಡು. ಸರಿಯಾದ್ದು ಹಾಡು."

ಮಧ್ಯಾಹ್ನದಿಂದ ಈ ಹುಡುಗಿ ತಂದೆಯ ಸಾವನ್ನು ಎದೆಯೊಳಗಿಟ್ಟುಕೊಂಡು, ಮೆಹೆಂದಿ ಒಣಗಿಸಿಕೊಂಡು, ಬಂದವರಿಗೆಲ್ಲ ಹಲ್ಲು ತೋರಿಸಿದ್ದಾಳೆ. ಯಾಕೆಂದರೆ ನನಗೆ ಹಾಡಬೇಕಿತ್ತು. ಒಂದು ಸಲ ತಂದೆಯ ಕೈ ಬೇಕು ಎಂದಿದ್ದವಳು, ಅದೂ ತಪ್ಪಿದ ಮೇಲೆ, ನನ್ನ ಪಾಲಿನದಾದರೂ ಉಳಿಯಲಿ ಎಂದು ಬಾಯಿಮುಚ್ಚಿ ಕೂತಿದ್ದಾಳೆ. ನನಗೆ ನಾಚಿಕೆಯಾಯಿತು. ಆಮೇಲೆ ಧೈರ್ಯ ಬಂತು.

ಮೂರನೆಯ ಸಾಲನ್ನು ಎತ್ತಿದೆ. ಅಪ್ಪನ ಕೈ ಮಣ್ಣಿಗೆ ಹೋಯಿತು.

ಗುಮಟೆ ನಿಂತಿತು. ಯಾರೂ ಸಾಲನ್ನು ತಿರುಗಿ ಹಾಡಲಿಲ್ಲ. ಸೆವ್ರಿನ್ ಬಾಯಿ ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಗೊತ್ತಿದ್ದೂ ಹಾಡು ಎತ್ತಿದಿಯಾ ಫ್ಲೋರಾ? ನನ್ನ ಕೈಲಿ ಆಗ್ತಿರ್ಲಿಲ್ವಾ ಹಾಗೆ ಮಾಡ್ಲಿಕ್ಕೆ? ನನ್ನ ಮೊಮ್ಮಗಳ ರೋಸಿಗೆ ನಾನು ಈರುಳ್ಳಿ ಸುಲಿದದ್ದು ಹುಚ್ಚಾ?"

"ಹುಚ್ಚಲ್ಲ ಬಾಯಿ. ಆದ್ರೆ ನಾ ಸುಲಿಯುದಿಲ್ಲ."

"ನಿನ್ನ ಮಗಳಿಗೆ ಕೇಡು ಬಂದ್ರೆ ನಿನ್ನ ಬಾಯಿಂದ ಬಂದದ್ದು, ನೆನಪಿಟ್ಟುಕೊ," ಎಂದು ಹೇಳಿ ಹೊರಟೇಬಿಟ್ಟರು. ಅವರ ಹಿಂದೆ ಇನ್ನೂ ಕೆಲವರು ಎದ್ದರು. ಅವರ ಸಿಟ್ಟು ನ್ಯಾಯವಾದದ್ದು. ಅವರು ಪಾಲಿಸಿಕೊಂಡು ಬಂದ ಕಟ್ಟಳೆಯನ್ನು ನಾನು ಅವರ ಕಣ್ಣೆದುರೇ ಮುರಿದಿದ್ದೆ. ಆದರೂ ಅವರನ್ನು ಕರೆಯಲು ನಾನು ಹಿಂದೆ ಹೋಗಲಿಲ್ಲ.

ಸಾಲು ಹಾಗೆಯೇ ಅರ್ಧಕ್ಕೆ ತೂಗಾಡುತ್ತಿತ್ತು. ಅದನ್ನು ಜೋಸ್ಲಿನ್ ಎತ್ತಿಕೊಂಡಳು. ಮದುಮಗಳು ಹಾಡುವ ಪದ್ಧತಿಯಿಲ್ಲ, ಅವಳ ಕೊಂಕಣಿಯಲ್ಲಿ ಅರ್ಧ ಇಂಗ್ಲಿಷಿನ ಉಚ್ಚಾರ, ಶ್ರುತಿಯೂ ಅಷ್ಟಕ್ಕಷ್ಟೇ. ನನ್ನ ಹಿಂದೆ ಕುಳಿತು ಕೇಳಿದ್ದಷ್ಟನ್ನೂ ಮರೆಯದೆ, ಅಕ್ಷರ ಬಿಡದೆ ತಿರುಗಿ ಹಾಡಿದಳು. ಹಿಂಬಾಗಿಲ ಹತ್ತಿರ ಅನಿಲ ಗಿಟಾರಿನ ಪೆಟ್ಟಿಗೆಯ ಮೇಲೆ ಅಂಗೈಯಿಂದ ತಾಳ ಹಾಕತೊಡಗಿದ. ಒಳಗಿನ ಗಿಟಾರು ಆ ಸಂಜೆಯ ಮಟ್ಟಿಗೆ ಬಾಯಿ ಮುಚ್ಚಿಕೊಂಡಿತ್ತು.

ಅವನನ್ನು ಕ್ಷಮಿಸಿದೆನೆಂದು ಯಾರೂ ತಿಳಿಯಬೇಡಿ. ಅವನ ಕೈ ನನ್ನ ಕೈಯಲ್ಲಿದೆ ಎಂದು ಹಾಡುವಾಗ ಹಲ್ಲು ಕಚ್ಚಿಕೊಂಡೇ ಹಾಡಿದ್ದೇನೆ. ಆದರೆ ಹುಡುಗಿ ತಲೆ ತಗ್ಗಿಸಿ ಕಾಯುತ್ತಿದ್ದಳು, ತಂದೆಯ ಸರದಿ ಖಾಲಿ ಹೋಗಬಾರದು. ತಂಬಿಗೆಯನ್ನು ಇನ್ನೊಮ್ಮೆ ತುಂಬಿಸಿ, ಅವನ ಪಾಲಿನ ಹಾಲನ್ನೂ ನಾನೇ ಎರೆದೆ.